ಶೇಷಮ್ಮ ಟೀಚರ್ ಪಾಸು ಮಾಡಿದ ಮೇಷ್ಟ್ರು

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಿಕ್ಕಂತೆ ಶಾಲೆಗೆಲ್ಲ, ಶಾಲೆಯ ಆಚೆಗಿನ ಬೀದಿಗೆಲ್ಲ ಅವರು ಶೇಷಮ್ಮ ಟೀಚರ್. ಭಾಗಾಕಾರ ಕಲಿಸುವಾಗ ಪ್ರತಿ ಲೆಕ್ಕದ ಕೊನೆಗೂ "ಶೇಷ ಎಷ್ಟು?" ಎಂದು ಕೇಳುತ್ತಿದ್ದರು. ಹಿಂದಿನ ಬೆಂಚಿನ ಯಾವುದೋ ತರಲೆ ಅದನ್ನೇ ಹೆಸರು ಮಾಡಿತು. ಇಟ್ಟವರು ಯಾರೆಂದು ಪತ್ತೆಯಾಗಲಿಲ್ಲ, ಹೆಸರು ಮಾತ್ರ ನಿಂತುಬಿಟ್ಟಿತು. ಒಮ್ಮೆ ಮೇಲಿನ ಕಚೇರಿಯವರು ಆದೇಶದಲ್ಲೇ 'ಶ್ರೀಮತಿ ಶೇಷಮ್ಮ' ಎಂದು ಬೆರಳಚ್ಚು ಮಾಡಿ ಕಳಿಸಿದ್ದರು. ಅದನ್ನು ತಿದ್ದಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ನಾನು ಆ ಶಾಲೆಯ ಗುಮಾಸ್ತನಾಗಿದ್ದೆ. ಇಪ್ಪತ್ತಾರು ವರ್ಷ ಒಂದೇ ಕುರ್ಚಿ, ಅದರ ಎಡಗಾಲಿನ ಕೆಳಗೆ ಮಡಚಿಟ್ಟ ಅದೇ ರಟ್ಟು. ಉದ್ದನೆಯ ಕಟ್ಟಡ, ಏಳು ಕೋಣೆ. ಮಕ್ಕಳು ಹೆಚ್ಚಾದ ಕಾಲದಲ್ಲಿ ಸಭಾಂಗಣದ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ತರಗತಿ ಮಾಡಿದ್ದರು. ಈ ಕಡೆ ಸೀನಿದರೆ ಆ ಕಡೆಯವರು ತಿರುಗಿ ನೋಡುತ್ತಿದ್ದರು. ಹಲಗೆಯ ಒಂದು ಬದಿಯಲ್ಲಿ ಶೇಷಮ್ಮ ಟೀಚರ್ ಏಳನೇ ತರಗತಿಗೆ ಗಣಿತ ಕಲಿಸುತ್ತಿದ್ದರು.

ನಾನು ಸೇರಿದ ಹೊಸತರಲ್ಲಿ ಅವರನ್ನು ಕಂಡರೆ ಮಕ್ಕಳಿಗಿರಲಿ, ನನಗೇ ಹೆದರಿಕೆ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬಿಡುತ್ತಿರಲಿಲ್ಲ, ಅಷ್ಟೇ. ಲೆಕ್ಕ ಬಾರದ ಮಗು ಬರುವ ತನಕ ಅವರ ಪಕ್ಕದಲ್ಲಿ ಕೂರಬೇಕಿತ್ತು. ಗಂಟೆ ಹೊಡೆದರೂ ಕೂರಬೇಕಿತ್ತು. ಅಪ್ಪ ಅಮ್ಮ ಹುಡುಕಿಕೊಂಡು ಬಂದರೆ ಅವರನ್ನೂ ಪಕ್ಕದಲ್ಲೇ ಕೂರಿಸಿಕೊಂಡು, "ನೀವೂ ನೋಡಿ, ಮನೇಲಿ ಹೇಳಿಕೊಡೋಕೆ ಆಗುತ್ತೆ" ಅನ್ನುತ್ತಿದ್ದರು. ವರ್ಷಕ್ಕೆ ನಾಲ್ಕೈದು ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುತ್ತಿದ್ದರು. ಅಂಥ ಪ್ರತಿ ಮಗುವಿನ ಮನೆಗೂ ತಾವೇ ನಡೆದುಹೋಗಿ ಕಾರಣ ಹೇಳಿಬರುತ್ತಿದ್ದರು. ಬೈಸಿಕೊಂಡು ಬಂದ ದಿನ ನನ್ನ ಕೋಣೆಗೆ ಬಂದು ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು.

ಆಮೇಲೆ ಕಾಲ ಬದಲಾಯಿತು ಎನ್ನುವುದು ಸುಲಭ. ಕಾಲ ತಾನಾಗಿ ಬದಲಾಗಲಿಲ್ಲ. ಟಪಾಲಿನಲ್ಲಿ ಒಂದೊಂದೇ ಕಾಗದವಾಗಿ ಬಂತು. ಬಂದ ಕಾಗದಕ್ಕೆಲ್ಲ ಸೀಲು ಹೊಡೆದವನು ನಾನೇ, ಹಾಗಾಗಿ ನನಗೆ ಚೆನ್ನಾಗಿ ಗೊತ್ತು. ಇಬ್ಬರು ಮೇಷ್ಟ್ರು ನಿವೃತ್ತರಾದರು, ಅವರ ಜಾಗ ಖಾಲಿ ಉಳಿಯಿತು. ಇದ್ದವರನ್ನು ಮನೆ ಎಣಿಸಲು, ತಲೆ ಎಣಿಸಲು, ಮತಪಟ್ಟಿ ತಿದ್ದಲು ಕಳಿಸಿದರು. ಯಾರನ್ನೂ ಅದೇ ತರಗತಿಯಲ್ಲಿ ಉಳಿಸಬಾರದು ಎಂದು ಒಂದು ಕಾಗದ. ಹಾಗೆ ಮುಂದೆ ಹೋದ ಮಕ್ಕಳಿಗೆಲ್ಲ ಪಾಠ ಬಂದಿದೆ ಎಂದು ತೋರಿಸಬೇಕು ಅಂತ ಇನ್ನೊಂದು. ಫಲಿತಾಂಶ ಕಮ್ಮಿಯಾದ ಶಾಲೆಯನ್ನು ಪಕ್ಕದ ಶಾಲೆಯೊಳಗೆ ಸೇರಿಸುತ್ತೇವೆ ಎಂಬ ಮೂರನೆಯದು ಬಂದಾಗ ಆಗಿನ ಹೆಡ್‌ಮಾಸ್ಟರು ಎಲ್ಲರಿಗೂ ಒಂದು ಚೀಟಿ ಕಳಿಸಿದರು: 'ಮೂವತ್ತೈದಕ್ಕಿಂತ ಕೆಳಗೆ ಒಂದೂ ಕಾಣಬಾರದು.'

ಆ ವರ್ಷ ಟೀಚರಿಗೆ ಎರಡು ತರಗತಿ ಸೇರಿ ನೂರ ಹದಿನೆಂಟು ಮಕ್ಕಳು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ಅಂಕಪಟ್ಟಿ ಹಿಡಿದುಕೊಂಡು ನನ್ನ ಮೇಜಿನ ಎದುರು ಬಂದು ಕೂತರು. ಪಟ್ಟಿ ತುಂಬ ಪೆನ್ಸಿಲಿನಲ್ಲಿ ನಿಜವಾದ ಅಂಕ.  ನಾನೇ ಬಾಯಿ ಬಿಟ್ಟೆ.

"ಎಲ್ರೂ ಹಾಕ್ತಾರೆ ಟೀಚರೇ. ನೀವೊಬ್ರೇ ಹಟ ಹಿಡಿದು ಏನು ಮಾಡ್ತೀರಿ?"

ಅವರು ರಬ್ಬರ್ ಕೇಳಿದರು. ಒಂದೊಂದೇ ಅಂಕ ಅಳಿಸಿ ಅದರ ಮೇಲೆ ಇಂಕಿನಲ್ಲಿ ಬರೆದರು. ಮುಗಿದ ಮೇಲೆ ರಬ್ಬರಿನ ಚೂರುಗಳನ್ನು ಉಫ್ ಉಫ್ ಎಂದು ಊದುತ್ತಲೇ ಇದ್ದರು, ಹಾಳೆ ಶುಚಿಯಾದ ಮೇಲೂ.

ಮೊದಲನೇ ಸಲ ಹಾಗೆ. ಮಾರನೇ ವರ್ಷ ಅವರು ಪೆನ್ಸಿಲನ್ನೇ ಬಳಸಲಿಲ್ಲ.

ಹೀಗೆ ಹದಿನೈದು ವರ್ಷ ಕಳೆಯಿತು. ನಮ್ಮ ಶಾಲೆಯ ಫಲಿತಾಂಶ ಯಾವಾಗಲೂ ತೊಂಬತ್ತರ ಮೇಲೆ. ಟೀಚರ್ ಪಾಠ ಮಾಡುವುದನ್ನು ಬಿಟ್ಟಿರಲಿಲ್ಲ, ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು ನಿಂತಿತ್ತು. ಮನೆಮನೆಗೆ ಹೋಗುವುದೂ ನಿಂತಿತ್ತು. ಬಂದವರಿಗೆ ಬಂತು, ಬಾರದವರಿಗೆ ಇಲ್ಲ. ಗಂಟೆ ಹೊಡೆದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು.

ಅವರ ನಿವೃತ್ತಿಗೆ ಎರಡು ವರ್ಷ ಇರುವಾಗ ಆರನೇ ತರಗತಿಗೆ ಹೊಸ ಮೇಷ್ಟ್ರು ಬಂದರು. ಇಪ್ಪತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಆದೇಶದ ಕಾಗದ. ನನಗೆ ಕಾಗದ ಕೊಟ್ಟು ಸೀದಾ ಹೋಗಿ ಶೇಷಮ್ಮ ಟೀಚರ್ ಮುಂದೆ ನಿಂತರು.

"ಟೀಚರ್, ಗುರುತು ಸಿಕ್ತಾ? ನಾನು ನಿಮ್ಮ ಸ್ಟೂಡೆಂಟು. ಕಿಟಕಿ ಪಕ್ಕದ ಮೂರನೇ ಬೆಂಚು."

ಟೀಚರ್ ಮುಖ ಅರಳಿತು. ಅವರ ಕೈಯಲ್ಲಿ ಕಲಿತವರು ಇನ್ನೂ ಯಾರೂ ಅದೇ ಶಾಲೆಗೆ ಮೇಷ್ಟ್ರಾಗಿ ಬಂದಿರಲಿಲ್ಲ. ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು. ನನಗಂತೂ ಮೂರು ಸಲ ಹೇಳಿದರು. "ನಮ್ಮವನೇ ರೀ, ಗುಮಾಸ್ತರೇ! ಅದೂ ಗಣಿತಕ್ಕೆ!"

ಎರಡನೇ ವಾರ ಪ್ಲೈವುಡ್ ಹಲಗೆಯ ಆಚೆಗಿನ ಆರನೇ ತರಗತಿಯಿಂದ ಮಕ್ಕಳು ಒಟ್ಟಿಗೆ ಕೂಗಿ ಹೇಳುವುದು ಅವರಿಗೆ ಕೇಳಿಸಿತು. "ಅರ್ಧ, ಕೂಡಿಸು ಮೂರನೇ ಒಂದು, ಸಮ ಐದನೇ ಎರಡು." ಕಿವಿಗೆ ಏನೋ ತಪ್ಪಾಗಿ ಬಿತ್ತು ಅಂದುಕೊಂಡರು. ಮಕ್ಕಳು ಮತ್ತೆ ಕೂಗಿದರು. ಊಟದ ಬಿಡುವಿನಲ್ಲಿ ಆ ಕೋಣೆಗೆ ಹೋಗಿ ನೋಡಿದರೆ ಕರಿಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಏಳು ಭಿನ್ನರಾಶಿಯ ಲೆಕ್ಕ. ಏಳರಲ್ಲೂ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಬರೆದಿದೆ. ಏಳೂ ತಪ್ಪು.

ಅವರು ಅದನ್ನು ಅಳಿಸಲಿಲ್ಲ. ನನ್ನ ಕೋಣೆಗೆ ಬಂದು, "ಹಳೇ ಅಂಕಪಟ್ಟಿ ಇದ್ಯಾ? ಅವನು ಏಳನೇ ಕ್ಲಾಸಲ್ಲಿದ್ದ ವರ್ಷದ್ದು" ಎಂದರು.

ಬೀರುವಿನ ಮೇಲಿನ ಕಟ್ಟು ಇಳಿಸಿ, ಧೂಳು ಹೊಡೆದು ಕೊಟ್ಟೆ. ಅವರ ಬೆರಳು ಒಂದು ಸಾಲಿನಲ್ಲಿ ನಿಂತಿತು. ಗಣಿತ, ಮೂವತ್ತೆಂಟು. ಕೆಳಗೆ ಅವರದೇ ಸಹಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಇಂಕಿನ ಕೆಳಗೆ ಪೆನ್ಸಿಲ್ ಒತ್ತಿದ ಗುರುತು ಇನ್ನೂ ಇತ್ತು. ಹನ್ನೊಂದು.

"ನೋಡಿ" ಎಂದು ನನ್ನ ಕಡೆ ತಿರುಗಿಸಿದರು. ನಾನು ನೋಡಿದೆ. ಆ ರಬ್ಬರ್ ನನ್ನದೇ ಆಗಿತ್ತು ಎಂದು ಹೇಳಲು ಬಾಯಿ ಬರಲಿಲ್ಲ.

ಆ ಸಂಜೆ ನಾನು ಅವರ ಮನೆಗೆ ಹೋಗಬೇಕಾಗಿತ್ತು. ಟೀಚರ ಯಜಮಾನರು ದರ್ಜಿ. ಬೀದಿಗಿದ್ದ ಮುಂದಿನ ಕೋಣೆಯೇ ಅಂಗಡಿ: ಒಂದು ಹೊಲಿಗೆ ಮಿಷನ್ನು, ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಬಟ್ಟೆ ಚೂರುಗಳ ದೊಡ್ಡ ಬುಟ್ಟಿ. ನನ್ನ ಪ್ಯಾಂಟಿನ ಸೊಂಟ ಬಿಗಿಯಾಗಿತ್ತು, ಬಿಚ್ಚಿಸಬೇಕಿತ್ತು. ಯಜಮಾನರು ತಮಾಷೆಯ ಮನುಷ್ಯ. "ಕೂತು ಕೂತು ಸರ್ಕಾರಿ ಹೊಟ್ಟೆ ಬೆಳೆಸಿದೀರಿ, ಇನ್ನು ಬಿಚ್ಚೋಕೆ ಬಟ್ಟೆ ಉಳಿದಿಲ್ಲ" ಎಂದು ನಗುತ್ತಿದ್ದಾಗ ಟೀಚರ್ ಟೀ ತಂದಿಟ್ಟು, ನಿಂತಲ್ಲೇ ಎಲ್ಲ ಹೇಳಿದರು.

ಯಜಮಾನರ ನಗು ನಿಂತಿತು. ಕತ್ತಿನಲ್ಲಿದ್ದ ಟೇಪು ತೆಗೆದು ಬೆರಳಿಗೆ ಸುತ್ತಿಕೊಂಡರು.

"ನಾನು ಅಳತೆ ತಪ್ಪಿದ್ರೆ ಸಂಜೆಗೇ ಗಿರಾಕಿ ಬಂದು ಜಗಳ ಆಡ್ತಾನೆ. ನೀನು ತಪ್ಪಿದ್ದು ವಾಪಸ್ ಬರೋಕೆ ಹದಿನೈದು ವರ್ಷ ಹಿಡೀತು ನೋಡು."

"ಒಬ್ಬ ವಾಪಸ್ ಬಂದ, ಹಾಗಾಗಿ ಗೊತ್ತಾಯ್ತು" ಎಂದರು ಟೀಚರ್. "ಮಿಕ್ಕವರು ಎಲ್ಲೆಲ್ಲಿದ್ದಾರೋ."

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅವರು ಹೊಸ ಮೇಷ್ಟ್ರನ್ನು ನನ್ನ ಕೋಣೆಯ ಹಿಂದಿನ ಉಗ್ರಾಣಕ್ಕೆ ಕರೆದರು. ಮುರಿದ ಬೆಂಚು, ಹಳೇ ಭೂಪಟ ತುಂಬಿದ ಜಾಗ. ಗೋಡೆಯ ಮೇಲ್ಗಡೆ ಒಂದು ಗವಾಕ್ಷಿ. ಅದರ ಈಚೆ ನನ್ನ ಕುರ್ಚಿ. ಕದ್ದು ಕೇಳಿದೆ ಅನ್ನಿ ಬೇಕಾದರೆ, ಎದ್ದು ಹೋಗಲಿಲ್ಲ ಎನ್ನುವುದು ನಿಜ.

ಟೀಚರ್ ಸುತ್ತು ಬಳಸಲಿಲ್ಲ. "ನೀನು ಮಕ್ಕಳಿಗೆ ಹೇಳಿಕೊಟ್ಟ ಭಿನ್ನರಾಶಿ ತಪ್ಪು."

"ಇಲ್ಲ ಟೀಚರ್, ನಾನು ಓದಿದ ಗೈಡಲ್ಲಿ ಹಾಗೇ ಇತ್ತು."

"ಗುಣಾಕಾರದ್ದು ಹಾಗಿರುತ್ತೆ. ಕೂಡೋದು ಹಾಗಲ್ಲ."

 ಮೇಷ್ಟ್ರ ದನಿ ಏರಿತು. "ನನಗೆ ಗಣಿತ ಬರಲ್ಲ ಅಂತ ಹೇಳೋಕೆ ಕರೆದ್ರಾ? ಆರನೇ ಕ್ಲಾಸಿಂದ ಡಿಗ್ರಿವರೆಗೂ ಪಾಸಾಗಿದೀನಿ ನಾನು. ನೀವೇ ಪಾಸು ಮಾಡಿದ್ರಲ್ಲ ಟೀಚರ್!"

"ಹೌದು. ಅದಕ್ಕೇ ಕರೆದೆ. ನಿನಗೆ ನಾನು ಕೊಟ್ಟಿದ್ದು ಮೂವತ್ತೆಂಟು. ನಿನಗೆ ಬಂದಿದ್ದು ಹನ್ನೊಂದು."

ಬಾಗಿಲು ದಡಾರನೆ ಬಡಿದುಕೊಂಡಿತು. ಮೇಷ್ಟ್ರು ನನ್ನ ಮುಂದೆಯೇ ಹಾದುಹೋದರು, ಮುಖ ಕೆಂಪಾಗಿತ್ತು. ಟೀಚರ್ ಹತ್ತು ನಿಮಿಷ ಬಿಟ್ಟು ಹೊರಗೆ ಬಂದರು. ನಾನು ಫೈಲಿನೊಳಗೆ ತಲೆ ಹುದುಗಿಸಿದ್ದೆ.

ನಾಲ್ಕು ದಿನ ಅವರಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಐದನೆಯ ದಿನ ಬೆಳಗ್ಗೆ ಏಳೂವರೆಗೆ ನಾನು ಬೀಗ ತೆಗೆಯಲು ಬಂದರೆ ಗೇಟಿನ ಹೊರಗೆ ಮೇಷ್ಟ್ರು ನಿಂತಿದ್ದರು. "ಟೀಚರ್ ಬೇಗ ಬರ್ತಾರೆ ಅಲ್ವಾ?" ಅಂದರು. ಬರುತ್ತಿರಲಿಲ್ಲ. ಆದರೂ ಹೌದು ಎಂದೆ. ಆಮೇಲೆ ದರ್ಜಿ ಅಂಗಡಿಗೆ ಫೋನು ಮಾಡಿದೆ. ಹದಿನೈದು ನಿಮಿಷದಲ್ಲಿ ಟೀಚರ್ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಒಂದು ಚೀಲ ತುಂಬ ಬಟ್ಟೆ ಚೂರು.

ಅವತ್ತಿನ ಪಾಠ ನಾನೂ ನೋಡಿದೆ, ಉಗ್ರಾಣದ ಬೀಗದ ಕೈ ನನ್ನದಾದ್ದರಿಂದ. ಒಂದೇ ಉದ್ದದ ಮೂರು ಬಟ್ಟೆ ಪಟ್ಟಿ. ಒಂದನ್ನು ಅರ್ಧಕ್ಕೆ ಕತ್ತರಿಸಿದರು. ಇನ್ನೊಂದನ್ನು ಮೂರು ತುಂಡು ಮಾಡಿದರು.

"ಅರ್ಧ ಇದು. ಇದಕ್ಕೆ ಈ ಮೂರನೇ ಒಂದನ್ನ ಸೇರಿಸ್ತೀನಿ. ಉದ್ದ ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ?"

"ಜಾಸ್ತಿ."

"ನೀನು ಹೇಳಿದ ಉತ್ತರ ಐದನೇ ಎರಡು. ಈ ಪಟ್ಟಿಯನ್ನ ಐದು ಭಾಗ ಮಾಡಿ ಎರಡು ಇಡು, ನೋಡೋಣ."

ಮೇಷ್ಟ್ರು ಕತ್ತರಿಸಿದರು. ಇಟ್ಟರು. ಎರಡು ತುಂಡು ಸೇರಿ ಅರ್ಧದಷ್ಟೂ ಆಗಲಿಲ್ಲ. ಅವರು ಅದನ್ನು ಎಷ್ಟು ಹೊತ್ತು ನೋಡಿದರೆಂದರೆ, ನನಗೇ ಕಸಿವಿಸಿಯಾಯಿತು.

"ಅರ್ಧಕ್ಕೆ ಸೇರಿಸಿದ್ದು ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ?" ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ಟೀಚರ ಮುಖ ನೋಡದೆ ಹೇಳಿದರು: "ನನಗೆ ಯಾವತ್ತೂ ಅರ್ಥ ಆಗಿರ್ಲಿಲ್ಲ ಟೀಚರ್. ಅರ್ಥ ಆಗ್ದೇ ಇದ್ರೂ ಪಾಸಾಗ್ತಿದ್ದೆ. ಹಾಗಾಗಿ ಎಲ್ರಿಗೂ ಹೀಗೇ ಇರುತ್ತೆ ಅಂದ್ಕೊಂಡೆ. ಗಣಿತ ಅಂದ್ರೆ ಅರ್ಥ ಆಗದೇ ಇರೋದು ಅಂತ."

 ಟೀಚರ್ ಚೀಲದಿಂದ ಅಷ್ಟೇ ಉದ್ದದ ಇನ್ನೊಂದು ಪಟ್ಟಿ ತೆಗೆದು ಆರು ಭಾಗ ಮಾಡಿ ತೋರಿಸಲು ಶುರು ಮಾಡಿದರು. ಅರ್ಧ ಎಂದರೆ ಮೂರು ತುಂಡು, ಮೂರನೇ ಒಂದೆಂದರೆ ಎರಡು ತುಂಡು. ಒಟ್ಟು ಆರರಲ್ಲಿ ಐದು.

ಅಲ್ಲಿಂದ ದಿನಾ ಬೆಳಗ್ಗೆ ಏಳೂವರೆಗೆ ಉಗ್ರಾಣದಲ್ಲಿ ಪಾಠ. ಮೇಷ್ಟ್ರು ಜಾಣರೇ. ಬುದ್ಧಿಗೇನೂ ಕೊರತೆ ಇರಲಿಲ್ಲ, ಕಲಿಸಿದವರ ಕೊರತೆ ಇತ್ತು. ಮೂರು ವಾರದಲ್ಲಿ ಭಿನ್ನರಾಶಿ ದಾಟಿ ದಶಮಾಂಶಕ್ಕೆ ಬಂದರು. ಯಾರಿಗೂ ಹೇಳಬೇಡಿ ಎಂದು ನನಗೆ ಕಣ್ಣಲ್ಲೇ ಕೇಳಿಕೊಂಡಿದ್ದರು. ನಾನೂ ಬಾಯಿಗೆ ಬೀಗ ಹಾಕಿದ್ದೆ.

ಬೀಗ ತೆಗೆದವರು ಅವರೇ. ಒಂದು ಸೋಮವಾರ ಸುತ್ತೋಲೆ ಓದಿಸಲು ಆರನೇ ತರಗತಿಗೆ ಹೋಗಿದ್ದೆ. ಮೇಷ್ಟ್ರು, "ಒಂದ್ನಿಮಿಷ ನಿಲ್ಲಿ" ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಕ್ಕಳ ಕಡೆ ತಿರುಗಿದರು. 

"ನಾನು ಹೋದ ತಿಂಗಳು ನಿಮಗೆ ಹೇಳಿಕೊಟ್ಟ ಭಿನ್ನರಾಶಿ ತಪ್ಪು. ನಿಮ್ಮದಲ್ಲ ತಪ್ಪು, ನನ್ನದು. ನನಗೆ ಬರ್ತಿರ್ಲಿಲ್ಲ. ಈಗ ಕಲ್ತಿದೀನಿ. ಆ ಪುಟಕ್ಕೆ ಅಡ್ಡ ಗೆರೆ ಎಳೀರಿ, ಮೊದಲಿಂದ ಶುರು ಮಾಡೋಣ."

 ಮೇಷ್ಟ್ರಿಗೂ ಬಾರದ್ದು ಇರುತ್ತದೆ ಎಂಬುದನ್ನು ಮಕ್ಕಳು ಅರಗಿಸಿಕೊಳ್ಳುತ್ತಿದ್ದವು. ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದುನಿಂತಳು.

"ಸಾರ್, ಹಾಗಾದ್ರೆ ಟೆಸ್ಟಲ್ಲಿ ನಾನು ಆರನೇ ಐದು ಅಂತ ಬರೆದಿದ್ದೆ. ನಮ್ಮ ಅತ್ತೆ ಹೇಳಿಕೊಟ್ಟಿದ್ರು. ನೀವು ತಪ್ಪು ಅಂತ ಕೆಂಪು ಗೆರೆ ಹಾಕಿದ್ರಿ."

"ಆ ಹಾಳೆ ಇದ್ಯಾ?"

ಇತ್ತು. ಮೇಷ್ಟ್ರು ಅವಳ ಬೆಂಚಿನ ತನಕ ಹೋಗಿ ತಮ್ಮ ಕೆಂಪು ಗೆರೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿ ಗುರುತು ಹಾಕಿ, ಸಹಿ ಮಾಡಿದರು. ಹುಡುಗಿ ಆ ಹಾಳೆಯನ್ನು ಮನೆಗೆ ಒಯ್ದು ತೋರಿಸದೇ ಇರುತ್ತಾಳೆಯೇ?

ಮರುದಿನ ಅವಳ ಅಪ್ಪ ಬಂದ. ಬಸ್ ಡ್ರೈವರ್. ಖಾಕಿ ಅಂಗಿಯಲ್ಲೇ, ಪಾಳಿ ಮುಗಿಸಿ ಸೀದಾ ಬಂದಿದ್ದ. ಹೆಡ್‌ಮಾಸ್ಟರ ಕೋಣೆಯಲ್ಲಿ ಮೇಜು ಗುದ್ದಿ ಕೇಳಿದ: "ಬಸ್ ಓಡಿಸೋಕೆ ಬರ್ದೇ ನಾನು ಸ್ಟೇರಿಂಗ್ ಹಿಡಿದ್ರೆ ನೀವು ಬಿಡ್ತೀರಾ? ನಲವತ್ತು ಮಕ್ಕಳನ್ನ ಇವರ ಕೈಗೆ ಕೊಟ್ಟಿದೀರಿ!"

ಅವನ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ದೂರು ಬರೆದುಕೊಟ್ಟು ಹೋದ, ಒಂದು ಪ್ರತಿ ಮೇಲಿನ ಕಚೇರಿಗೂ ಕಳಿಸಿದ.

ಆ ಹೊತ್ತಿಗೆ ಬಂದಿದ್ದ ಹೆಡ್‌ಮಾಸ್ಟರು ಕೆಟ್ಟವರಲ್ಲ, ಹೆದರುವವರು. ತಲೆ ಮೇಲೆ ಕೈ ಹೊತ್ತು ಕೂತರು. "ತಪ್ಪು ಹೇಳಿಕೊಟ್ಟಿದ್ದಕ್ಕಲ್ಲ ರೀ! ತಪ್ಪಾಯ್ತು ಅಂತ ಹೇಳಿದ್ದಕ್ಕೆ ಈ ತಲೆನೋವು!" ಎಂದು ನನ್ನ ಹತ್ತಿರ ಗೋಳಾಡಿದರು. ಮೇಷ್ಟ್ರಿಂದ ಲಿಖಿತ ವಿವರಣೆ ಕೇಳಿದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಕಾಗದ ಸಾಕಿತ್ತು ಮನೆಗೆ ಕಳಿಸಲು.

ಸುದ್ದಿ ಕೇಳಿ ಶೇಷಮ್ಮ ಟೀಚರ್ ನನ್ನಿಂದ ಎರಡು ಬಿಳಿ ಹಾಳೆ ಇಸಿದುಕೊಂಡರು. ಮಧ್ಯಾಹ್ನದ ಬಿಡುವಿನಲ್ಲಿ ಊಟ ಬಿಟ್ಟು ಬರೆದರು: ಈ ಮೇಷ್ಟ್ರು ಏಳನೇ ತರಗತಿಯಲ್ಲಿ ಗಣಿತದಲ್ಲಿ ಹನ್ನೊಂದು ಅಂಕ ಪಡೆದಿದ್ದರು, ಅದನ್ನು ಮೂವತ್ತೆಂಟು ಮಾಡಿದವಳು ನಾನು, ಆ ವರ್ಷ ಇದೇ ರೀತಿ ನಲವತ್ತಾರು ಮಕ್ಕಳಿಗೆ ಮಾಡಿದ್ದೇನೆ, ನಂತರದ ವರ್ಷಗಳ ಲೆಕ್ಕ ಇಟ್ಟಿಲ್ಲ, ಅವರಿಗೆ ಶಿಕ್ಷೆಯಾಗುವುದಾದರೆ ಮೊದಲು ನನಗಾಗಬೇಕು. ಕಾಗದದ ಜೊತೆ ಹಳೇ ಅಂಕಪಟ್ಟಿಯ ಆ ಹಾಳೆಯ ನಕಲು.

ವಾರದ ಮೇಲೆ ಮೇಲಿನ ಕಚೇರಿಯಿಂದ ಅಧಿಕಾರಿ ಬಂದರು. ಹೆಡ್‌ಮಾಸ್ಟರು, ಟೀಚರ್, ಹೊಸ ಮೇಷ್ಟ್ರು, ಬರೆದುಕೊಳ್ಳಲು ನಾನು. ಅಧಿಕಾರಿ ಟೀಚರ ಕಾಗದವನ್ನು ಎರಡು ಸಲ ಓದಿ ಮೇಜಿನ ಮೇಲೆ ಮಗುಚಿಟ್ಟರು.

"ಈ ಕಾಗದ ನಾನು ನೋಡಿಲ್ಲ ಅಮ್ಮ."

"ಈಗ ತಾನೇ ಓದಿದ್ರಲ್ಲ ಸಾರ್?"

ಅಧಿಕಾರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ತುಂಬ ಮೆತ್ತಗೆ ಹೇಳಿದರು: "ನಾನೂ ಮೇಷ್ಟ್ರಾಗಿದ್ದವನೇ. ನಾನೂ ಹಾಕಿದೀನಿ ಅಂಕ. ಇದು ಫೈಲಿಗೆ ಹೋದ್ರೆ ನಾಳೆ ಪ್ರತಿ ಶಾಲೆಯ ಬೀರು ತೆಗೆಸಬೇಕಾಗುತ್ತೆ. ಎಲ್ಲಿ ನಿಲ್ಲುತ್ತೆ ಹೇಳಿ? ಈ ಹುಡುಗನನ್ನ ಟ್ರೈನಿಂಗಿಗೆ ಕಳಿಸ್ತೀನಿ, ಕೆಲಸ ಉಳಿಯುತ್ತೆ. ನೀವು ಇದನ್ನ ವಾಪಸ್ ತಗೊಳ್ಳಿ. ಎರಡು ವರ್ಷ ಇದೆ, ಮರ್ಯಾದೆಯಿಂದ ಮನೆಗೆ ಹೋಗಿ."

ಒಳ್ಳೆಯ ಮಾತೇ. ಮೇಷ್ಟ್ರ ಕೆಲಸ ಉಳಿಯಿತು, ಟೀಚರಿಗೆ ಬೇಕಾಗಿದ್ದೂ ಅದೇ. ಅವರು ಕಾಗದ ಎತ್ತಿಕೊಂಡರು. ಮುಗಿಯಿತು ಎಂದು ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವರು ಕಾಗದವನ್ನು ಚೀಲಕ್ಕೆ ಹಾಕಲಿಲ್ಲ. ನನ್ನ ಮುಂದೆ ಇಟ್ಟರು.

"ಗುಮಾಸ್ತರೇ, ಇದಕ್ಕೆ ಟಪಾಲು ನಂಬರ್ ಹಾಕಿ."

ಟಪಾಲು ಪುಸ್ತಕದಲ್ಲಿ ನಂಬರ್ ಬಿದ್ದ ಕಾಗದವನ್ನು ಯಾರೂ ಇಲ್ಲವೆನ್ನಲಾಗದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಅಧಿಕಾರಿಯ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಹೆಡ್‌ಮಾಸ್ಟರು ಫ್ಯಾನ್ ನೋಡುತ್ತಿದ್ದರು. ನನಗೆ ಇನ್ನೂ ಆರು ವರ್ಷದ ಸರ್ವಿಸ್ ಇತ್ತು. ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು. ನನ್ನ ಜೀವಮಾನದಲ್ಲಿ ಧೈರ್ಯದ ಕೆಲಸ ಅಂತ ಒಂದೂ ಮಾಡಿದವನಲ್ಲ. ಆಗಲೂ ಧೈರ್ಯ ಬಂತು ಅಂತ ಹೇಳಲಾರೆ. ಆ ರಬ್ಬರ್ ನೆನಪಿಗೆ ಬಂತು, ಅಷ್ಟೇ. ಸೀಲು ತೆಗೆದು ಹೊಡೆದೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಮೂವತ್ತು ಸಲ ಹೊಡೆದ ಸೀಲು ಅದು. ಅವತ್ತು ಅದರ ಸದ್ದಿಗೆ ನಾನೇ ಬೆಚ್ಚಿದೆ.

ಮೂರು ತಿಂಗಳ ಮೇಲೆ ಆದೇಶಗಳು ಬಂದವು. ಹೊಸ ಮೇಷ್ಟ್ರಿಗೆ ಆರು ತಿಂಗಳ ತರಬೇತಿ, ಕೆಲಸ ಉಳಿಯಿತು. ಅಧಿಕಾರಿ ಮಾತು ಉಳಿಸಿಕೊಂಡರು. ಟೀಚರಿಗೆ ಲಿಖಿತ ಛೀಮಾರಿ. ಅದರ ಜೊತೆಗೆ ಪಾಠದಿಂದ ತೆಗೆದು ಊರಾಚೆಯ ಪಠ್ಯಪುಸ್ತಕದ ಡಿಪೋಗೆ ಹಾಕಿದರು. ನನಗೆ ಒಂದು ಮೆಮೊ. ಅದನ್ನೂ ಟಪಾಲಿನಲ್ಲಿ ನಾನೇ ಬರಮಾಡಿಕೊಂಡು, ನಾನೇ ನಂಬರ್ ಹಾಕಿ, ನನಗೆ ನಾನೇ ಕೊಟ್ಟುಕೊಂಡೆ.

ಬೀರುಗಳನ್ನು ಮಾತ್ರ ಎಲ್ಲೂ ತೆಗೆಸಲಿಲ್ಲ.

ಸ್ಟಾಫ್ ರೂಮಿನಲ್ಲಿ ಕೆಲವರು ಮೂಗು ಮುರಿದರು. "ನಮ್ಮೆಲ್ಲರ ಮುಖಕ್ಕೂ ಮಸಿ ಬಳಿದು ಹೋದ್ರು" ಎಂದರು ವಿಜ್ಞಾನದ ಮೇಡಂ. ಟೀಚರ್ ಅದನ್ನು ಕೇಳಿಸಿಕೊಂಡು, "ಮಸಿ ನನ್ನ ಕೈಯದೇ, ನಿಮಗೆ ತಾಗಿದ್ರೆ ತೊಳ್ಕೊಳ್ಳಿ" ಎಂದಷ್ಟೇ ಹೇಳಿದರು. ಏಳನೇ ತರಗತಿಗೆ ಅವರು ಕೊನೆಯ ಪಾಠ ಮಾಡಿದ ದಿನ ವಿಶೇಷವೇನೂ ನಡೆಯಲಿಲ್ಲ. ಮಕ್ಕಳು ಶೇಕಡಾವಾರು ಲೆಕ್ಕ ಮಾಡುತ್ತಿದ್ದವು. ಗಂಟೆ ಹೊಡೆದ ಮೇಲೂ ಒಬ್ಬಳಿಗೆ ಉತ್ತರ ಬಂದಿರಲಿಲ್ಲ. ಟೀಚರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವ ತನಕ ಕಾದರು. ಎಷ್ಟೋ ವರ್ಷದ ಮೇಲೆ ಆ ನೋಟ ಕಂಡೆ.

ಡಿಪೋ ಎಂದರೆ ತಗಡಿನ ಮಾಡಿನ ದೊಡ್ಡ ಗೋದಾಮು. ಕಟ್ಟು ಎಣಿಸುವುದು, ಶಾಲೆಯ ಹೆಸರು ಬರೆಯುವುದು, ಲಾರಿಗೆ ಹಾಕಿಸುವುದು. ಕರಿಹಲಗೆ ಇಲ್ಲ, ಮಕ್ಕಳಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಎಣಿಸುವ ಪುಸ್ತಕಗಳನ್ನು ಓದತೊಡಗಿದರು. ಐದನೇ ತರಗತಿಯ ಗಣಿತ ಪುಸ್ತಕದಲ್ಲಿ ಹತ್ತೊಂಬತ್ತು ತಪ್ಪು ಹುಡುಕಿ, ಪುಟ, ಸಾಲಿನ ಸಮೇತ ಪಟ್ಟಿ ಮಾಡಿ ಮೇಲೆ ಕಳಿಸಿದರು. ಉತ್ತರ ಬರಲಿಲ್ಲ. ಮರುವರ್ಷದ ಮುದ್ರಣದಲ್ಲಿ ಹದಿನಾಲ್ಕು ತಿದ್ದಿತ್ತು. "ಇನ್ನು ಐದಕ್ಕೆ ಮತ್ತೆ ಬರೀಬೇಕು" ಎಂದರು.

ಡಿಪೋಗೆ ಹೋಗುವ ಬೆಳಗಿನ ಬಸ್ಸನ್ನು ಓಡಿಸುತ್ತಿದ್ದವನು ಅದೇ ಡ್ರೈವರ್. ಕೆಲವು ವಾರ ಇಬ್ಬರೂ ಒಬ್ಬರಿಗೊಬ್ಬರು ಪರಿಚಯವಿಲ್ಲದವರ ಹಾಗೆ ಇದ್ದರಂತೆ. ಆಮೇಲೆ ಒಂದು ದಿನ ಅವನೇ ಹಿಂದೆ ತಿರುಗದೆ ಕನ್ನಡಿಯಲ್ಲಿ ನೋಡಿಕೊಂಡು ಹೇಳಿದನಂತೆ: "ಮಗಳನ್ನ ಬೇರೆ ಶಾಲೆಗೆ ಹಾಕೋಣ ಅಂತಿದ್ದೆ ಅಮ್ಮ. ಅವಳು ಒಪ್ಪಲಿಲ್ಲ. ತಪ್ಪು ಒಪ್ಕೊಳ್ಳೋ ಮೇಷ್ಟ್ರು ಬೇರೆ ಕಡೆ ಇದಾರಾ ಅಂತ ಕೇಳ್ತಾಳೆ. ನಾನೇನು ಹೇಳ್ಲಿ?"

"ನನಗೂ ಗೊತ್ತಿಲ್ಲಪ್ಪ" ಎಂದರಂತೆ ಟೀಚರ್.

ಮೇಷ್ಟ್ರು ತರಬೇತಿಯಿಂದ ವಾಪಸಾದ ಮೇಲೆ ಬೆಳಗಿನ ಏಳೂವರೆಯ ಪಾಠ ಮತ್ತೆ ಶುರುವಾಯಿತು. ಟೀಚರ್ ಡಿಪೋ ಬಸ್ಸು ಹಿಡಿಯುವ ಮೊದಲು ಮುಕ್ಕಾಲು ಗಂಟೆ ಉಗ್ರಾಣದಲ್ಲಿ ಕೂತು ಹೋಗುತ್ತಿದ್ದರು. ತರಬೇತಿಯಲ್ಲಿ ಏನು ಕಲಿಸಿದರು ಎಂದು ಕೇಳಿದರೆ ಮೇಷ್ಟ್ರು ನಕ್ಕುಬಿಟ್ಟರು. "ಹಾಜರಿ ಹಾಕೋ ಆ್ಯಪ್ ಹೇಗೆ ಬಳಸೋದು ಅಂತ." ಒಂದು ಬೆಳಗ್ಗೆ ಬಾಗಿಲ ಬಳಿ ಇನ್ನೊಬ್ಬರು ನಿಂತಿದ್ದರು: ವಿಜ್ಞಾನದ ಮೇಡಂ. ಅನುಪಾತ ಸ್ವಲ್ಪ ತೊಡಕು, ಯಾರಿಗೂ ಹೇಳಬೇಡಿ ಎಂದರು. ಟೀಚರ್ ಬೆಂಚಿನ ಮೇಲಿನ ಭೂಪಟ ಸರಿಸಿ ಜಾಗ ಮಾಡಿದರು. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ.

ಶೇಷಮ್ಮ ಟೀಚರ್ ಡಿಪೋದಿಂದಲೇ ನಿವೃತ್ತರಾದರು. ಅವರು ಮನೆಗೆ ಬಂದು ಈಗ ಎಂಟು ವರ್ಷ, ನಾನು ಬಂದು ನಾಲ್ಕು. ಶಾಲೆ ಉದ್ಧಾರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುನ್ನೂರು ಮಕ್ಕಳಿದ್ದದ್ದು ನೂರ ಮೂವತ್ತಕ್ಕೆ ಇಳಿದಿದೆ. ಎರಡು ಕೋಣೆಗೆ ಬೀಗ ಬಿದ್ದಿದೆ. ಶುಲ್ಕ ಕಟ್ಟಬಲ್ಲವರೆಲ್ಲ ಮುಖ್ಯರಸ್ತೆಯ ಗಾಜಿನ ಕಿಟಕಿಯ ಶಾಲೆಗೆ ಹೋಗುತ್ತಾರೆ. ಅಲ್ಲಿ ಕಲಿಸುವವರೂ ಅದೇ ಗೈಡು ಓದಿ ಬಂದವರೇ. ಮೂವತ್ತೈದಕ್ಕಿಂತ ಕೆಳಗೆ ಒಂದೂ ಕಾಣಬಾರದು ಎಂಬ ಚೀಟಿ ಈಗ ಬರುವುದಿಲ್ಲ. ಕಂಪ್ಯೂಟರೇ ಅದಕ್ಕಿಂತ ಕೆಳಗಿನದನ್ನು ತೆಗೆದುಕೊಳ್ಳುವುದಿಲ್ಲವಂತೆ.

ನಾನು ಕೆಲವೊಮ್ಮೆ ಲೆಕ್ಕ ಹಾಕುತ್ತೇನೆ. ಟೀಚರ್ ಸರಿ ಮಾಡಿದ್ದು ಒಬ್ಬರನ್ನು, ಹೆಚ್ಚೆಂದರೆ ಇಬ್ಬರನ್ನು. ಸಹಿ ಹಾಕಿ ಮುಂದೆ ದಾಟಿಸಿದ್ದು ಸಾವಿರದ ಮೇಲೆ. ಇದನ್ನು ಅವರ ಮುಂದೆ ಒಮ್ಮೆ ಬಾಯಿ ತಪ್ಪಿ ಆಡಿದೆ. "ನನಗೆ ಲೆಕ್ಕ ಬರುತ್ತೆ ಗುಮಾಸ್ತರೇ" ಎಂದರು. ಅಷ್ಟೇ ಅಂದರು. 

ಮೊನ್ನೆ ಪಿಂಚಣಿಯ ಒಂದು ಕಾಗದಕ್ಕೆ ಸಹಿ ಬೇಕಾಗಿ ಶಾಲೆಗೆ ಹೋಗಿದ್ದೆ. ಪ್ಲೈವುಡ್ ಹಲಗೆ ತೆಗೆದಿದ್ದಾರೆ, ಅಷ್ಟು ಮಕ್ಕಳಿಲ್ಲವಲ್ಲ. ಮೇಷ್ಟ್ರು ಏಳನೇ ತರಗತಿಗೆ ಪಾಠ ಮಾಡುತ್ತಿದ್ದರು. ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ನಾನು ಹೊರಗೆ ನಿಂತು ಕೇಳಿಸಿಕೊಂಡೆ. ಹುಡುಗಿಯೊಬ್ಬಳು ಕೇಳಿದಳು: "ಸಾರ್, ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕಾಗುತ್ತೆ?"

ಮೇಷ್ಟ್ರು ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. "ಆಗುತ್ತೆ ಅಂತ ಗೊತ್ತು. ಯಾಕೆ ಅಂತ ನಿನಗೆ ಅರ್ಥ ಆಗೋ ಹಾಗೆ ಹೇಳೋಕೆ ಈಗ ನನಗೆ ಬರ್ತಿಲ್ಲ. ನಾಳೆ ನೋಡ್ಕೊಂಡು ಬಂದು ಹೇಳ್ತೀನಿ."

ಖುಷಿಯಾಯಿತು. ಎರಡು ದಿನ ಬಿಟ್ಟು ಟೀಚರ ಮನೆಗೆ ಹೋದೆ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ನಡೆದದ್ದನ್ನು ಉಪ್ಪು ಖಾರ ಹಚ್ಚದೆ ಹೇಳಿದೆ. ಅವರೂ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಗಂಭೀರವಾಗಿ ಕೇಳಿಸಿಕೊಂಡು, "ಮಾರನೇ ದಿನ ಹೇಳಿದ್ನಾ?" ಎಂದರು.

"ಗೊತ್ತಿಲ್ಲ ಟೀಚರೇ. ನಾನು ಮಾರನೇ ದಿನ ಹೋಗಿಲ್ಲ."

"ಹಾಗಾದ್ರೆ ಹೋಗಿ ಕೇಳ್ಕೊಂಡು ಬನ್ನಿ" ಎಂದರು.